ಅವ್ವ ಕರೆದ ಮುಯ್ಯಾಳು

ರೋಗಿಗಳು ಸಿಗುತ್ತಾರೆ, ಆರೋಗ್ಯವಂತರು ಸಿಗುವುದಿಲ್ಲ. ಸೇಲಂನ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರಾಗಿ ಕೂತು ತೊಂಬತ್ತರ ದಶಕದ ನಡುವಿನಲ್ಲಿ ನಾನು ಕಂಡುಕೊಂಡ ಸತ್ಯ ಇದು. ಯಾರಿಗೆ ಹೇಳಿದರೂ ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ, ಮೈ ಉರಿಯುತ್ತಿತ್ತು.

ವಿಷಯ ಏನೆಂದರೆ, ಲಕ್ವ ಹೊಡೆದು ಬಂದ ಕೆಲವರಲ್ಲಿ ಕಾರಣವೇ ಸಿಗುತ್ತಿರಲಿಲ್ಲ. ಮಿದುಳಿಗೆ ಎಲ್ಲಿಂದಲೋ ಒಂದು ಚೂರು ಹೋಗಿ ರಕ್ತನಾಳ ಮುಚ್ಚಿದೆ, ಸರಿ. ಎಲ್ಲಿಂದ ಹೋಯಿತು? ಕತ್ತಿನ ನಾಳ ನೋಡಿದರೆ ಶುದ್ಧ. ಹೃದಯ ನೋಡಿದರೆ ಅದೂ ಶುದ್ಧ. ಆಗ ಪರದೇಶದ ಡಾಕ್ಟರುಗಳು ಒಂದು ಮಾತು ಹೇಳತೊಡಗಿದ್ದರು: ಮಹಾಪಧಮನಿಯನ್ನು ನೋಡಿ ಎಂದು. ಹೃದಯದಿಂದ ಹೊರಡುವ ದೊಡ್ಡ ಕೊಳವೆ ಅದು. ಮೇಲೆ ಹೋಗಿ ಕೊಡೆಯ ಹಿಡಿಯ ಹಾಗೆ ಬಾಗಿ ಕೆಳಗಿಳಿಯುತ್ತದೆ. ಆ ಬಾಗಿನಿಂದಲೇ ತಲೆಗೆ ಹೋಗುವ ಕವಲುಗಳು ಹೊರಡುತ್ತವೆ. ವಯಸ್ಸಾದಂತೆ ಅದರ ಒಳಗೋಡೆಗೆ ಕೊಬ್ಬು, ಸುಣ್ಣ ಎಲ್ಲ ಸೇರಿ ಪದರ ಕಟ್ಟುತ್ತದೆ. ನಮ್ಮೂರ ಕಡೆಯ ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಹಾಗೆ. ಆ ಹಕ್ಕಳೆ ನಾಲ್ಕು ಮಿಲಿಮೀಟರಿಗಿಂತ ದಪ್ಪವಾದವರಿಗೆ ಲಕ್ವದ ಭಯ ಹೆಚ್ಚು ಎನ್ನುವುದು ಆ ವಾದ. ನಮ್ಮ ಜನರಲ್ಲೂ ಹೀಗೇನಾ ಎಂದು ನೋಡಬೇಕೆಂಬ ಹುಚ್ಚು ನನಗೆ ಹಿಡಿಯಿತು.

ಎದೆಯ ಮೇಲಿಂದ ಸ್ಕ್ಯಾನ್ ಮಾಡಿದರೆ ಆ ಬಾಗು ಸರಿಯಾಗಿ ಕಾಣುವುದಿಲ್ಲ. ಅನ್ನನಾಳದೊಳಗೆ ಬೆರಳು ಗಾತ್ರದ ಒಂದು ಪೈಪು ಇಳಿಸಬೇಕು. ಅದರ ತುದಿಯಲ್ಲಿ ಸ್ಕ್ಯಾನ್ ಮಾಡುವ ಕಣ್ಣಿರುತ್ತದೆ. ಹೃದಯ ಅನ್ನನಾಳಕ್ಕೆ ಅಂಟಿಕೊಂಡೇ ಇರುವುದರಿಂದ ಎಲ್ಲವೂ ಹತ್ತಿರದಿಂದ ಕಾಣುತ್ತದೆ. ಆ ಯಂತ್ರ ನಮ್ಮ ಆಸ್ಪತ್ರೆಗೆ ಆಗತಾನೇ ಬಂದಿತ್ತು. ಲಕ್ವ ಹೊಡೆದವರು ಪೈಪು ನುಂಗಲು ಒಪ್ಪುತ್ತಿದ್ದರು, ಕಷ್ಟದಲ್ಲಿದ್ದವರು ಏನು ಹೇಳಿದರೂ ಒಪ್ಪುತ್ತಾರೆ. ಆದರೆ ಹೋಲಿಸಿ ನೋಡಲು ಅದೇ ವಯಸ್ಸಿನ, ಲಕ್ವ ಹೊಡೆಯದ ಗಟ್ಟಿಮುಟ್ಟಾದ ಜನವೂ ಬೇಕಲ್ಲ? ಅವರು ಯಾಕೆ ಬರುತ್ತಾರೆ! ಹೊರರೋಗಿಗಳ ವಿಭಾಗದಲ್ಲಿ ಮೊಮ್ಮಗನ ಜೊತೆಗೆ ಬಂದು ಕೂತಿದ್ದ ಒಬ್ಬ ಅಜ್ಜನನ್ನು ನಯವಾಗಿ ಕೇಳಿದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾನ್ ಚೆನ್ನಾಗಿವ್ನಲ್ಲ ತಾಯಿ, ಚೆನ್ನಾಗಿರೋನ್ ಗಂಟ್ಲಿಗೆ ಯಾಕ್ ಪೈಪ್ ಬುಡ್ತೀರ?" ಎಂದು ಮೊಮ್ಮಗನನ್ನು ಎತ್ತಿಕೊಂಡು ಹೊರಟೇಹೋದ. ಮೊಮ್ಮಗನ ಜ್ವರ ಏನಾಯಿತೋ ಗೊತ್ತಿಲ್ಲ.

ನಮ್ಮೂರು ಸೇಲಂ ಜಿಲ್ಲೆಯ ನಂಗವಳ್ಳಿಗೆ ಹತ್ತಿರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು; ಕನ್ನಡದ ಅಕ್ಷರ ನಾನು ಕಲಿತದ್ದು ಮೈಸೂರಿನಲ್ಲಿ ಡಾಕ್ಟರಿಕೆ ಓದುವಾಗ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ತಮ್ಮ ಮತ್ತು ಅವನ ಹೆಂಡತಿಯ ಜೊತೆ ಇದ್ದಳು. ಭಾನುವಾರ ಊರಿಗೆ ಹೋದಾಗಲೆಲ್ಲ ಅವ್ವ ಬಡಿಸುವುದು, ನಾನು ತಿನ್ನುತ್ತಾ ಸಿಡುಕುವುದು ನಮ್ಮ ಪದ್ಧತಿ. ಆ ದಿನವೂ ಆರೋಗ್ಯವಂತರನ್ನು ಮನಸಾರೆ ಬೈದೆ.

"ಅದ್ಕ್ಯಾಕಮ್ಮಿ ಇಷ್ಟ್ ಒದ್ದಾಡ್ತೀಯ?" ಎಂದಳು ಅವ್ವ. "ಕಳೆ ಕೀಳಾಕೆ ಆಳ್ ಸಿಕ್ದಿದ್ರೆ ನಾವೇನ್ ಮಾಡ್ತೀವಿ? ಮುಯ್ಯಾಳು ಕರೀತೀವಿ. ನಿಂಗೂ ಕರೆದ್ರಾಯ್ತು."

ಮುಯ್ಯಾಳು ಎಂದರೆ ಕೂಲಿ ಇಲ್ಲದ ಆಳು. ಇವತ್ತು ನಿಮ್ಮ ಮನೆಯಿಂದ ಒಬ್ಬರು ನಮ್ಮ ಹೊಲಕ್ಕೆ ಬಂದರೆ, ನಾಳೆ ನಮ್ಮ ಮನೆಯಿಂದ ಒಬ್ಬರು ನಿಮ್ಮ ಹೊಲಕ್ಕೆ ಹೋಗಬೇಕು. ನಮ್ಮೂರಿನ ಅರ್ಧ ಬೇಸಾಯ ನಡೆಯುತ್ತಿದ್ದದ್ದೇ ಹೀಗೆ.

"ಅವ್ವಾ, ಇದೇನ್ ಕಳೆ ಕೀಳೋ ಕೆಲ್ಸನಾ? ಗಂಟ್ಲೊಳಕ್ಕೆ ಪೈಪ್ ಇಳಿಸ್ಬೇಕು."

"ಇಳಿಸು. ಬಾಯ್ ತೆಗ್ದು ಮನಿಕ್ಕೊಳೋದು, ಬಿಸ್ಲಲ್ಲಿ ಬಗ್ಗಿ ಕಳೆ ಕೀಳೋದ್ಕಿಂತ ಕಷ್ಟನಾ? ಮನೆಗೊಂದ್ ತಲೆ ಕಳ್ಸಿ ಅಂತ ನಾ ಯೋಳ್ತೀನಿ."

ಬಾಯಿ ತುಂಬ ಮುದ್ದೆ ಇತ್ತು. "ಆಗ್ಲಿ ಬುಡವ್ವ" ಎಂದುಬಿಟ್ಟೆ. ಅವ್ವ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ. ನಮ್ಮವ್ವ ಹೊಲದ ವಿಷಯದಲ್ಲಿ ಯಾವತ್ತೂ ತಮಾಷೆ ಮಾಡಿದವಳಲ್ಲ.

ಎರಡು ದಿನಕ್ಕೇ ಜನ ಸೇರಿದ್ದಾರೆಂದು ಅವ್ವ ಫೋನು ಮಾಡಿಸಿದಳು, ಹೇಗೆ ಬರಬೇಕೆಂದು ನಾನು ಎಲ್ಲ ಹೇಳಿದೆ. ಮುಂದಿನ ವಾರ ಮೊದಲ ತಂಡ ಟೌನ್ ಬಸ್ಸಿನಲ್ಲಿ ಬಂದಿಳಿಯಿತು. ಒಗೆದ ಪಂಚೆ, ತಲೆಗೆ ಟವೆಲ್ಲು, ಹೆಂಗಸರ ಮುಡಿಯಲ್ಲಿ ಹೂವು, ಮುಂದೆ ನಮ್ಮವ್ವ. ನನಗೆ ಕಣ್ಣು ತುಂಬಿ ಬಂತು, ನಿಜವಾಗಿ. ಎಲ್ಲರನ್ನೂ ಕೂರಿಸಿ, ಏನು ಮಾಡುತ್ತೇನೆ, ಯಾಕೆ ಮಾಡುತ್ತೇನೆ ಎಂದು ನಮ್ಮ ಭಾಷೆಯಲ್ಲೇ ವಿವರಿಸಿದೆ. ಬೇಡ ಅನ್ನಿಸಿದವರು ಈಗಲೇ ಎದ್ದು ಹೋಗಬಹುದು ಎಂದೆ. ಯಾರೂ ಏಳಲಿಲ್ಲ. ಕೊನೆಗೆ ಸುಮ್ಮನೆ ಒಂದು ಮಾತು ಕೇಳಿದೆ: "ಯಾರೂ ಏನೂ ತಿಂದಿಲ್ಲ ತಾನೆ?"

ಎಲ್ಲರೂ ಅವ್ವನ ಮುಖ ನೋಡಿದರು.

"ತಿಂದವ್ರೆ" ಎಂದಳು ಅವ್ವ. "ಇಟ್ಟು, ಅವರೆಕಾಳ್ ಸಾರು. ಬೆಳಗಾನೆ ಎದ್ದು ಮಾಡ್ದೆ."

"ಅವ್ವಾ! ಹೊಟ್ಟೆ ಖಾಲಿ ಇರ್ಬೇಕು ಅಂತ ಅಷ್ಟ್ ಸಾರಿ ಬಡ್ಕೊಂಡಿದ್ನಲ್ಲ! ಪೈಪ್ ಹಾಕುವಾಗ ವಾಂತಿ ಆಗಿ ಉಸಿರಿಗೆ ಸಿಕ್ಕಿದ್ರೆ ಏನ್ ಗತಿ?"

"ಚೆನ್ನಾಗ್ ಯೋಳ್ತೀಯ. ಮುಯ್ಯಾಳ್ ಕರೆದು ಖಾಲಿ ಹೊಟ್ಟೇಲಿ ಕಳ್ಸೋರ್ ಉಂಟಾ? ಊರಲ್ಲಿ ನಾ ಮುಖ ಎತ್ಕಂಡ್ ತಿರ್ಗಬ್ಯಾಡ್ವಾ?"

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆಳು ಕರೆದ ಮನೆಯವರು ಊಟ ಹಾಕಲೇಬೇಕು, ಅದು ಮುಯ್ಯಾಳಿನ ಮೊದಲ ನಿಯಮ. ಗಂಟಲಿಗೆ ಪೈಪು ಹಾಕುವ ಮುಯ್ಯಾಳಾದರೂ ಸರಿ. ಇಡೀ ತಂಡ ಮುದ್ದೆ ಅರಗುವವರೆಗೆ ಆಸ್ಪತ್ರೆಯ ಜಗಲಿಯಲ್ಲಿ ಕೂತಿತು. ಕೂತವರು ಸುಮ್ಮನೆ ಕೂರಲಿಲ್ಲ. ನರ್ಸುಗಳ ಊರು, ಜಾತಿ, ಮದುವೆ ವಿಚಾರಿಸಿದರು, ಬೇವಿನ ಮರದ ಕೆಳಗೆ ಎಲೆಯಡಿಕೆ ಹಾಕಬೇಡಿ ಎಂದು ಬೈದ ಕಾವಲುಗಾರನಿಗೇ ಎಲೆಯಡಿಕೆ ಕೊಟ್ಟರು. ಮಧ್ಯಾಹ್ನದ ಮೇಲೆ ಒಬ್ಬೊಬ್ಬರಾಗಿ ಒಳಗೆ ಬಂದು, ಬಾಯಿ ತೆಗೆದು, ಎಡಮಗ್ಗುಲಿಗೆ ಮಲಗಿದರು. ಅಷ್ಟು ಶಿಸ್ತಾಗಿ ಪೈಪು ನುಂಗಿದ ಜನರನ್ನು ನಾನು ಮತ್ತೆ ನೋಡಿಲ್ಲ. ಗಂಟಲಿಗೆ ಮರಗಟ್ಟಿಸುವ ಔಷಧ ಹೊಡೆದಾಗ ಮಾತ್ರ ಒಬ್ಬ ದೊಡ್ಡಪ್ಪ, "ನಾಲ್ಗೇನೇ ಇಲ್ದಂಗ್ ಆಗೋಯ್ತಲ್ಲಮ್ಮಿ" ಎಂದು ಗಾಬರಿಯಾದರು. ಅವರ ಹೆಂಡತಿ ಬಾಗಿಲಾಚೆಯಿಂದ, "ಅಂಗೇ ಇರ್ಲಿ ಬುಡಿ ಡಾಕ್ಟ್ರಮ್ಮ" ಎಂದರು.

ಹೀಗೆ ವಾರಕ್ಕೊಂದು ತಂಡ ಬಂತು. ಎರಡನೇ ತಂಡದಿಂದ ಅವ್ವ ಅಡುಗೆ ಮಾಡಿ ಪಾತ್ರೆ ಸಮೇತ ಬಸ್ಸಿಗೆ ಹೇರಿಕೊಂಡು ಬರತೊಡಗಿದಳು. ಪರೀಕ್ಷೆ ಮುಗಿದು ಗಂಟಲಿಗೆ ಸ್ಪರ್ಶ ಬಂದ ಮೇಲೆ ಊಟ. ಆಸ್ಪತ್ರೆಯ ಹಿಂದಿನ ಸೈಕಲ್ ಶೆಡ್ಡಿನಲ್ಲಿ ಪಂಕ್ತಿ ಕೂರುತ್ತಿತ್ತು. ನಮ್ಮ ಅರಿವಳಿಕೆ ಡಾಕ್ಟರು, ಕಂಡವರ ಮನೆಯಲ್ಲಿ ನೀರೂ ಕುಡಿಯದ ಮನುಷ್ಯ, ಆ ದಿನಗಳಲ್ಲಿ ಮನೆಯಿಂದ ಡಬ್ಬಿ ತರುವುದನ್ನೇ ಬಿಟ್ಟರು.

ಕೊನೆಯ ತಂಡ ಬಂದ ದಿನ ಎಲ್ಲರದೂ ಮುಗಿದ ಮೇಲೆ ಅವ್ವ ಸೆರಗು ಸಿಕ್ಕಿಸಿಕೊಂಡು ತಾನೇ ಮಂಚ ಹತ್ತಿದಳು.

"ನೀನ್ಯಾಕೆ?" ಎಂದೆ.

"ಊರ್ ಮನೆಯೋರೆಲ್ಲ ತಲೆ ಕೊಟ್ಟವ್ರೆ. ನಮ್ಮನೇದ್ ಬ್ಯಾಡ್ವಾ? ನಾಳೆ ಯಾರಾದ್ರೂ ಮಾತಾಡ್ತಾರೆ."

ಹಲ್ಲಿಗೆ ಕಚ್ಚಿಸುವ ಪ್ಲಾಸ್ಟಿಕ್ ಬಳೆಯನ್ನು ಅವಳ ಬಾಯಿಗಿಟ್ಟೆ. ಅವ್ವ ಅಷ್ಟು ಹೊತ್ತು ಮಾತಿಲ್ಲದೆ ನನ್ನ ಎದುರಿಗಿದ್ದದ್ದು ಅದೇ ಮೊದಲು. ಪೈಪು ಸಲೀಸಾಗಿ ಇಳಿಯಿತು. ಪರದೆಯ ಮೇಲೆ ಅವಳ ಹೃದಯ ಕಂಡಾಗ ನನಗೆ ಹೆಮ್ಮೆಯಾಯಿತು. ಎಂಥ ಹೃದಯ! ಕವಾಟಗಳು ಚೊಕ್ಕವಾಗಿ ತೆರೆದು ಮುಚ್ಚುತ್ತಿದ್ದವು. ನರ್ಸನ್ನು ಕರೆದು, ನೋಡು, ನಮ್ಮವ್ವನ ಹೃದಯ ನೋಡು ಎಂದು ತೋರಿಸಿದೆ. ಆಮೇಲೆ ಪೈಪು ಹಿಂದಕ್ಕೆ ತಿರುಗಿಸಿ, ಮೆಲ್ಲಗೆ ಮೇಲೆಳೆಯುತ್ತಾ ಮಹಾಪಧಮನಿಯ ಬಾಗಿಗೆ ಬಂದೆ.

ಅಲ್ಲಿ ಒಂದು ದಪ್ಪ ಹಕ್ಕಳೆ ಗೋಡೆಯಿಂದ ಎದ್ದು ನಿಂತಿತ್ತು. ಅಳೆಯುವ ಅಗತ್ಯವೇ ಇರಲಿಲ್ಲ, ಆದರೂ ಅಳೆದೆ. ನಾಲ್ಕನ್ನು ಎಂದೋ ದಾಟಿತ್ತು. ಅದರ ತುದಿಯಲ್ಲಿ ಒಂದು ಸಣ್ಣ ಎಳೆ ಪ್ರತಿ ಬಡಿತಕ್ಕೂ ಅಲ್ಲಾಡುತ್ತಿತ್ತು. ಅಂಥ ಎಳೆ ಕಿತ್ತುಕೊಂಡರೆ ಎಲ್ಲಿಗೆ ಹೋಗುತ್ತದೆ ಎಂದು ಲಕ್ವದ ವಾರ್ಡಿನಲ್ಲಿ ದಿನಾ ನೋಡುತ್ತಿದ್ದವಳು ನಾನು. ಏನೂ ಆಗದವಳ ಹಾಗೆ ಪೈಪು ಹೊರಗೆಳೆದೆ.

ಮಾತು ಬಂದ ಕೂಡಲೇ ಅವ್ವ ಕೇಳಿದಳು: "ಏನೈತೆ ಒಳಗೆ?"

ಬೇರೆ ರೋಗಿಗಳಿಗೆ ಹೇಳಲು ನನ್ನ ಬಳಿ ಒಳ್ಳೊಳ್ಳೆ ವಾಕ್ಯಗಳಿದ್ದವು. ಒಂದೂ ನೆನಪಿಗೆ ಬರಲಿಲ್ಲ. "ಹಂಡೇಲಿ ಕಟ್ಟೋ ಅಂಗೆ ಸುಣ್ಣ ಕಟ್ಟೈತೆ ಅವ್ವ" ಎಂದೆ.

"ಅಷ್ಟೇನಾ? ಉಣ್ಸೇಹಣ್ ಆಕಿ ಉಜ್ಬುಡು."

"ಉಜ್ಜೋ ಅಂಗಿಲ್ಲ. ಚೂರು ಎದ್ರೆ ತಲೆಗೆ ಓಯ್ತದೆ. ಕೈ ಕಾಲು ಬಿದ್ದೋಯ್ತದೆ."

ಅವ್ವ ಸ್ವಲ್ಪ ಹೊತ್ತು ತನ್ನ ಬಲಗೈಯನ್ನೇ ನೋಡಿಕೊಂಡಳು. ಆಮೇಲೆ ಪಾತ್ರೆಗಳನ್ನು ಎತ್ತಿಕೊಂಡು ಊಟ ಬಡಿಸಲು ಹೋದಳು.

ಆ ಕಾಲದಲ್ಲಿ ಇದಕ್ಕೆ ಏನು ಮಾಡಬೇಕೆಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಆಸ್ಪಿರಿನ್ ಕೊಟ್ಟೆ, ಬಿಪಿ ಮಾತ್ರೆ ಕೊಟ್ಟೆ, ಹೊಗೆಸೊಪ್ಪು ಬಿಡು ಎಂದು ಕಾಲು ಹಿಡಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ. ಮಾತ್ರೆ ನುಂಗಿದಳು. ಹೊಗೆಸೊಪ್ಪನ್ನು ಮಾತ್ರ ಸೊಂಟದ ಸಂಚಿಯಿಂದ ನನ್ನೆದುರಿಗೇ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಇನ್ನೊಂದು ಪೇಚಾಟ: ನನ್ನ ಅಧ್ಯಯನದಲ್ಲಿ ಅವ್ವ ಇದ್ದದ್ದು ಆರೋಗ್ಯವಂತರ ಸಾಲಿನಲ್ಲಿ. ಸ್ವಂತ ತಾಯಿ, ಜೊತೆಗೆ ಇಂಥ ಹಕ್ಕಳೆ. ಅವಳನ್ನು ಸಾಲಿನಿಂದ ತೆಗೆದುಬಿಡಲೇ ಎಂದು ಅವಳನ್ನೇ ಕೇಳಿದೆ. "ಬಂದ್ ಆಳ್ನ ಬಂದೇ ಇಲ್ಲ ಅಂತೀಯೇನಮ್ಮಿ?" ಎಂದು ರೇಗಿದಳು. ಅವ್ವ ಸಾಲಿನಲ್ಲೇ ಉಳಿದಳು.

ಊರಿನವರಿಗೆಲ್ಲ ಮೈಸೂರುಪಾಕು ಹಂಚಿ, ಕೈ ಮುಗಿದು, ಕೆಲಸ ಮುಗಿಯಿತು ಅಂದುಕೊಂಡೆ. ಕಡಲೆಕಾಯಿ ಸುಗ್ಗಿ ಬಂತು. ಒಂದು ಭಾನುವಾರ ಹೇಳದೆ ಕೇಳದೆ ಊರಿಗೆ ಹೋದರೆ ಮನೆಯಲ್ಲಿ ಅವ್ವ ಇಲ್ಲ.

"ಕಳ್ಳೆಕಾಯ್ ಕೀಳಾಕೆ ಓಗವ್ರೆ ಅಕ್ಕ" ಎಂದಳು ತಮ್ಮನ ಹೆಂಡತಿ.

"ನಮ್ಮ ಹೊಲದ್ದು ಆಗ್ಲೇ ಮುಗೀತಲ್ಲ?"

"ನಮ್ಮೊಲಕ್ಕಲ್ಲ. ನಿಮ್ ಮುಯ್ಯಿ ತೀರ್ಸಾಕೆ. ಪೈಪ್ ನುಂಗಿದ್ರಲ್ಲ, ಅವ್ರ ಮನೆಗಳ್ ಮುಯ್ಯಿ. ನಿಮ್ ತಮ್ಮ ನಾನ್ ಓಗ್ತೀನಿ ಅಂದ್ರು, ಅತ್ತೆ ಬುಡ್ಲಿಲ್ಲ. ನಾನ್ ಕರೆದ ಆಳು, ನಾನೇ ತೀರುಸ್ತೀನಿ ಅಂತ ದಿನಾ ಓಯ್ತಾವ್ರೆ."

ಮುಯ್ಯಾಳು ಎಂದ ಮೇಲೆ ಮುಯ್ಯಿ ತೀರಿಸಬೇಕಲ್ಲ! ಆ ಊರಿನಲ್ಲೇ ಹುಟ್ಟಿ, ಆ ಹೊಲಗಳಲ್ಲೇ ಬೆಳೆದವಳು, ಅಷ್ಟೂ ಜನ ನನ್ನ ಪ್ರೀತಿಗೆ, ವಿಜ್ಞಾನದ ಪ್ರೀತಿಗೆ ಬಂದರು ಅಂದುಕೊಂಡು ಮೈಸೂರುಪಾಕು ಹಂಚಿದ್ದೆ. ಮಹಾಪಧಮನಿಯಲ್ಲಿ ಆ ಎಳೆ ಇಟ್ಟುಕೊಂಡು ಅವ್ವ ಬಿಸಿಲಲ್ಲಿ ನನಗಾಗಿ ಬಗ್ಗಿದ್ದಳು.

ಊರಾಚೆಯ ಹೊಲಕ್ಕೆ ಓಡಿದೆ. ಸಾಲಾಗಿ ಹೆಂಗಸರು ಗಿಡ ಕೀಳುತ್ತಿದ್ದರು. ಅವ್ವ ಎಲ್ಲರಿಗಿಂತ ಮುಂದೆ.

"ಏಳು ಮ್ಯಾಕೆ!" ಎಂದು ಕಿರುಚಿದೆ.

"ಯಾಕ್ ಅರುಚ್ತೀಯ? ಊರೇ ನೋಡ್ತೈತೆ."

"ನೋಡ್ಲಿ! ನಿನ್ನ ಎದೇಲಿ ಏನೈತೆ ಅಂತ ಯೋಳಿಲ್ವಾ ನಾನು? ಗೊತ್ತಿದ್ದೂ ಇಲ್ಲಿಗ್ ಬಂದಿದ್ದೀಯಲ್ಲ, ನಿಂಗೇನ್ ಬುದ್ಧಿ ಇಲ್ವಾ?"

ಅವ್ವ ಕೈಯಲ್ಲಿದ್ದ ಗಿಡದ ಮಣ್ಣು ಕೊಡವಿದಳು. ಸಿಟ್ಟು ಮಾಡಲಿಲ್ಲ. "ಗೊತ್ತಿದ್ದೇ ಬಂದಿವ್ನಿ" ಎಂದಳು. "ನಾಳೆ ಕೈ ಬಿದ್ದೋದ್ರೆ ತೀರ್ಸೋರ್ ಯಾರು? ಕೈ ನಡೀವಾಗ್ಲೇ ತೀರುಸ್ಬೇಕು. ನಾ ಮನಿಕ್ಕಂಡ್ ಮೇಲೆ ಊರೋರು, ಮಗ್ಳಿಗೆ ಆಳ್ ಕರೆದ್ಲು, ಮುಯ್ಯಿ ಆಕ್ಲಿಲ್ಲ ಅನ್ಬಾರ್ದು."

ಪುಸ್ತಕದಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಹೊಲದ ಕೆಲಸದಿಂದ ಹಕ್ಕಳೆ ಕಿತ್ತು ಬರುತ್ತದೆಂದು ಯಾರೂ ಬರೆದಿಲ್ಲ. ಕೂತಲ್ಲೇ ಕೂತಿರುವುದಕ್ಕಿಂತ ದುಡಿಯುವುದೇ ವಾಸಿ. ಬೇರೆ ಯಾರ ತಾಯಿಯಾದರೂ ಆಗಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೆ ನನ್ನ ಮಾತಿಗೆ ಹೆದರಿ, ಕೈ ಬಿದ್ದುಹೋಗುವ ಮೊದಲು ಮುಗಿಸಬೇಕೆಂದು ಇವಳು ಹೀಗೆ ಒಂದೇ ಉಸಿರಿಗೆ ದುಡಿಯುತ್ತಿದ್ದಾಳೆ ಎನ್ನುವುದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಅಳು ಬಂತು. ಚಪ್ಪಲಿ ಬದುವಿನ ಮೇಲೆ ಬಿಟ್ಟೆ, ಸೀರೆ ಎತ್ತಿ ಕಟ್ಟಿದೆ, ಅವಳ ಜಾಗದಲ್ಲಿ ಹೋಗಿ ಬಗ್ಗಿದೆ.

"ನೀ ಅಲ್ಲಿ ಕೂತ್ಕೋ. ನಾ ತೀರುಸ್ತೀನಿ. ಆಳ್ ಬೇಕಾಗಿದ್ದು ನಂಗೆ."

ಅವ್ವ ಬದುವಿನ ಮೇಲೆ ಕೂತಳು. ಕೂತಳು ಅಷ್ಟೇ, ಬಾಯಿ ಕೂರಲಿಲ್ಲ. "ಎಳೀಬ್ಯಾಡ, ಅಲ್ಲಾಡ್ಸಿ ಕೀಳು. ಕಾಯೆಲ್ಲ ಮಣ್ಣಲ್ಲೇ ಉಳೀತು ನೋಡು! ಅಯ್ಯೋ, ಇದ್ನ ಓದ್ಸಿದ್ದೇ ತಪ್ಪಾಯ್ತು." ಹೊಲದ ಯಜಮಾನರು ನನ್ನ ಹತ್ತಿರ ಪೈಪು ನುಂಗಿದ್ದ ಅದೇ ದೊಡ್ಡಪ್ಪ. ನಾನು ಕಿತ್ತ ಸಾಲಿನ ಹಿಂದೆ ಮಣ್ಣು ಕೆದಕಿ ಉಳಿದ ಕಾಯಿ ಆರಿಸುತ್ತಾ, "ಡಾಕ್ಟ್ರಮ್ಮ, ಅವತ್ತು ಗಂಟ್ಲೂ ನೋಯ್ಲಿಲ್ಲ. ಇವತ್ತು ನೀವ್ ಕಿತ್ತಿದ್ ನೋಡಿ ಎದೆ ನೋಯ್ತೈತೆ" ಎಂದರು. ಸಾಲಿನಲ್ಲಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಸೊಂಟ ನೆಟ್ಟಗೆ ಮಾಡಲು ಆಗುತ್ತಿರಲಿಲ್ಲ, ಆದರೂ ಎಷ್ಟೋ ವರ್ಷದಿಂದ ಮನಸ್ಸು ಅಷ್ಟು ಹಗುರಾಗಿರಲಿಲ್ಲ.

ಮನೆಗೆ ನಡೆಯುವಾಗ ಬದುವಿನ ಮೇಲೆಯೇ ಒಪ್ಪಂದವಾಯಿತು. ಭಾನುವಾರ ಭಾನುವಾರ ಮುಯ್ಯಿ ತೀರಿಸಲು ನಾನು ಬರುವುದು, ಅವ್ವ ಕೂತು ನೋಡುವುದು. ನಾನು ಒಂದು ಷರತ್ತು ಹಾಕಿದೆ: ನನ್ನ ಮುಯ್ಯಿ ತೀರುವವರೆಗೆ ಅವಳು ಹೊಗೆಸೊಪ್ಪು ಮುಟ್ಟಬಾರದು. ಅವ್ವ ಯೋಚಿಸಿದಳು. "ನಿನ್ ಕೈಗೆ ಅದು ಬೇಗ ತೀರಾಕಿಲ್ಲ" ಎಂದಳು. ಆದರೂ ಸಂಚಿ ಬಿಚ್ಚಿ, ಹೊಗೆಸೊಪ್ಪು ತೆಗೆದು ದಾರಿಯಲ್ಲಿ ಸಿಕ್ಕಿದವಳ ಕೈಗೆ ಕೊಟ್ಟುಬಿಟ್ಟಳು. ಆ ಮುಯ್ಯಿ ತೀರಲು ಕಡಲೆಕಾಯಿ ಮುಗಿದು, ರಾಗಿ ಕೊಯ್ಲು ಮುಗಿದು, ಮತ್ತೊಂದು ಕಡಲೆಕಾಯಿ ಬಂತು. ಅಷ್ಟರಲ್ಲಿ ಅವ್ವನಿಗೆ ಹೊಗೆಸೊಪ್ಪಿನ ವಾಸನೆಯೇ ಆಗದೆ ಹೋಗಿತ್ತು. ಅರ್ಧ ಆಳಿನ ಕೆಲಸಕ್ಕೆ ಪೂರ್ತಿ ಮುಯ್ಯಿ ಎಂದು ಎಲ್ಲ ಮನೆಯವರೂ ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡರು.

ಆ ದಶಕದ ಕೊನೆಗೆ ಚೆನ್ನೈನ ಒಂದು ವೈದ್ಯರ ಸಮ್ಮೇಳನದಲ್ಲಿ ನನ್ನ ಕೆಲಸ ಮಂಡಿಸಿದೆ. ಪರದೆಯ ಮೇಲೆ ಎರಡು ಸಾಲು ಚುಕ್ಕೆಗಳು, ಒಬ್ಬೊಬ್ಬರಿಗೆ ಒಂದು. ಲಕ್ವದವರ ಸಾಲಿನಲ್ಲಿ ಬಹಳಷ್ಟು ಚುಕ್ಕೆಗಳು ನಾಲ್ಕು ಮಿಲಿಮೀಟರಿನ ಗೆರೆಗಿಂತ ಮೇಲಿದ್ದವು. ಆರೋಗ್ಯವಂತರ ಸಾಲಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಗೆರೆಯ ಕೆಳಗೆ, ಒಂದೇ ಒಂದು ಚುಕ್ಕೆ ಎಲ್ಲೋ ಮೇಲೆ. ನಾನು ಚೆನ್ನಾಗಿಯೇ ಮಾತಾಡಿದೆ. ಇಂಗ್ಲಿಷಿನಲ್ಲಿ ಒಂದು ಕಡೆಯೂ ತಡವರಿಸಲಿಲ್ಲ. ಪ್ರಶ್ನೆಯ ಹೊತ್ತು ಬಂದಾಗ ಮುಂದಿನ ಸಾಲಿನಿಂದ ಒಬ್ಬ ಹಿರಿಯ ಡಾಕ್ಟರು ಎದ್ದರು. ಹೆಸರು ಕೇಳಿದರೆ ನಾವೆಲ್ಲ ಎದ್ದು ನಿಲ್ಲುವಂಥವರು. ಅವರು ಬೆಳಕಿನ ಕಡ್ಡಿಯಿಂದ ಆ ಒಂಟಿ ಚುಕ್ಕೆಯನ್ನೇ ತೋರಿಸಿ ಇಂಗ್ಲಿಷಿನಲ್ಲಿ ಕೇಳಿದರು: ಈ ವ್ಯಕ್ತಿಗೆ ಆಮೇಲೆ ಏನಾಯಿತು? ಇಷ್ಟು ದಪ್ಪದ ಹಕ್ಕಳೆ ಇಟ್ಟುಕೊಂಡು ಲಕ್ವ ಹೊಡೆಯದೆ ಎಷ್ಟು ದಿನ ಉಳಿದರು? ಕೊನೆಯ ಬಾರಿ ನೀವು ವಿಚಾರಿಸಿದ್ದು ಯಾವಾಗ?

ಹಿಂದಿನ ದಿನ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ್ದೆ. ಹೊಸ ಸೀರೆ ಉಟ್ಟೆಯಾ, ಹೊಟ್ಟೆಗೆ ತಿಂದೆಯಾ ಎಂದು ಅವ್ವ ನನ್ನನ್ನೇ ವಿಚಾರಿಸಿ, ನಾಳೆ ಯಾರದೋ ಹೊಲಕ್ಕೆ ಆಳುಗಳಿಗೆ ಊಟ ಹೊತ್ತುಕೊಂಡು ಹೋಗಬೇಕು ಎಂದು ಫೋನಿಟ್ಟಿದ್ದಳು. ಉತ್ತರ ನನ್ನ ಬಾಯಲ್ಲೇ ಇತ್ತು. ಈ ವ್ಯಕ್ತಿ ಇಂದಿಗೂ ಆರೋಗ್ಯವಾಗಿದ್ದಾರೆ ಎಂದು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಮೈಕಿಗೆ ಬಾಯಿಟ್ಟೆ.

"ನಮ್ಮವ್ವ ಚೆನ್ನಾಗವ್ಳೆ ಸಾರ್" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಕಿವಿಗೆ ಕೈಯಿಟ್ಟು ಮತ್ತೊಮ್ಮೆ ಹೇಳಿ ಎಂದರು. ತುಂಬಿದ ಸಭೆಯ ಎದುರಿಗೆ ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು, ಚೆನ್ನಾಗವ್ಳೆ, ಚೆನ್ನಾಗವ್ಳೆ ಎಂದು ಅಳುತ್ತಾ ನಿಂತಿದ್ದೆ.